ಡಿಸ್ಕ್ ಮೇಲೆ ಹೆಸರು ಬರೆಯುವುದು ಹೇಗೆ? ಅಜ್ಜಿಯ ಹಾಡಿನ ಸಿಡಿಗಳು ಹಾಳಾಗಬಾರದು

ಹಾಡಿನಪೆಟ್ಟಿಗೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಸುಮಾರು 140 ಡಿಸ್ಕ್‌ಗಳಿವೆ. ಅರ್ಧಕ್ಕಿಂತ ಜಾಸ್ತಿ ಸಿಡಿ, ಉಳಿದವು ಡಿವಿಡಿ. ಎಲ್ಲವೂ ನಾವೇ ಬರ್ನ್ ಮಾಡಿದ್ದು, ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕ್‌ಗಳಲ್ಲ. ಅಜ್ಜಿ ಹಾಡಿದ ಹಾಡುಗಳನ್ನು ಅಪ್ಪ ಕ್ಯಾಸೆಟ್‌ನಿಂದ ಸಿಡಿಗೆ ಇಳಿಸಿದ್ದರು, ಅವು ಒಂದು 30 ಇವೆ. ಅಜ್ಜಿ ಈಗಿಲ್ಲ. ಕ್ಯಾಸೆಟ್‌ಗಳೂ ಉಳಿದಿಲ್ಲ. ಹಾಗಾಗಿ ಆ ದನಿ ಇರುವುದು ಈ ಸಿಡಿಗಳಲ್ಲಿ ಮಾತ್ರ.

ಸಮಸ್ಯೆ ಏನೆಂದರೆ ಹೆಚ್ಚಿನವುಗಳ ಮೇಲೆ ಏನೂ ಬರೆದಿಲ್ಲ, ಒಂದೊಂದನ್ನೇ ಹಾಕಿ ನೋಡಿದರಷ್ಟೇ ಒಳಗೇನಿದೆ ಗೊತ್ತಾಗುವುದು. ಈ ಸಲ ರಜೆಯಲ್ಲಿ ಕೂತು ಎಲ್ಲಕ್ಕೂ ಹೆಸರು ಹಚ್ಚಿಬಿಡೋಣ ಎಂದು ದುಂಡಗಿನ ಸ್ಟಿಕ್ಕರ್ ಹಾಳೆ ತಂದೆ, ಪ್ರಿಂಟರ್‌ನಲ್ಲಿ ಮುದ್ರಿಸಿ ಅಂಟಿಸುವಂಥದ್ದು. ನೋಡಲು ತುಂಬಾ ಚೆನ್ನಾಗಿದೆ. ಆದರೆ ಗೆಳೆಯರೊಬ್ಬರು ಸ್ಟಿಕ್ಕರ್ ಅಂಟಿಸಲೇಬೇಡ, ಡಿಸ್ಕ್ ಕೆಡುತ್ತದೆ ಎಂದರು. ಇನ್ನೊಬ್ಬರು ಮಾರ್ಕರ್ ಪೆನ್ ಶಾಯಿ ಒಳಗಿಳಿದು ಡೇಟಾ ತಿಂದುಹಾಕುತ್ತದೆ ಎಂದರು. ಹಾಗಾದರೆ ಬರೆಯುವುದಾದರೂ ಯಾವುದರಲ್ಲಿ? ಕೆಳಗಿನ ಹೊಳೆಯುವ ಬದಿಗೆ ಗೀರು ಬೀಳದಂತೆ ನೋಡಿಕೊಂಡರೆ ಸಾಲದಾ? ಮೇಲಿನ ಬದಿ ಹೇಗಿದ್ದರೇನು ಎಂದುಕೊಂಡಿದ್ದೆ.

ಇನ್ನೂ ಒಂದು ವಿಷಯ. ಅಪ್ಪ ಆಗಲೇ 11 ಡಿಸ್ಕ್‌ಗಳಿಗೆ ಕಾಗದದ ಸ್ಟಿಕ್ಕರ್ ಅಂಟಿಸಿಟ್ಟಿದ್ದಾರೆ. ಅವನ್ನು ನಿಧಾನವಾಗಿ ಕಿತ್ತು ತೆಗೆಯಲೇ?

---

ತಿರುಗುತಟ್ಟೆ ಉತ್ತರ:

ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ. ದಯವಿಟ್ಟು ಕೀಳಬೇಡಿ. ನಿಧಾನವಾಗಿಯೂ ಬೇಡ, ನೀರಲ್ಲಿ ನೆನೆಸಿಯೂ ಬೇಡ, ಬಿಸಿ ಗಾಳಿ ಬಿಟ್ಟೂ ಬೇಡ. ಸಿಡಿಯಲ್ಲಿ ಡೇಟಾ ಇರುವುದೇ ಆ ಸ್ಟಿಕ್ಕರ್‌ಗೆ ತಾಗಿಕೊಂಡು. ಕಿತ್ತರೆ ಹೊಳೆಯುವ ಪದರವೇ ಅದರ ಜೊತೆ ಎದ್ದು ಬರಬಹುದು. ಹಾಗೆ ಎದ್ದ ಜಾಗದಲ್ಲಿದ್ದ ಡೇಟಾವನ್ನು ಯಾರಿಂದಲೂ ವಾಪಸ್ ತರಲು ಆಗುವುದಿಲ್ಲ.

ನಮ್ಮಲ್ಲಿ ಹೆಚ್ಚಿನವರು ಸಿಡಿಯನ್ನು ತಲೆಕೆಳಗಾಗಿ ಅರ್ಥ ಮಾಡಿಕೊಂಡಿದ್ದೇವೆ. ಕೆಳಗಿನ ಬದಿ ನಾಜೂಕು, ಮೇಲಿನ ಬದಿ ಗಟ್ಟಿ ಎಂದು. ವಿಷಯ ಉಲ್ಟಾ. ಸಿಡಿಯ ದಪ್ಪ 1.2 ಮಿ.ಮೀ. ಅದರಲ್ಲಿ ಹೆಚ್ಚುಕಡಿಮೆ ಪೂರ್ತಿ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್, ಅದು ಕೆಳಗಿನ ಬದಿ. ಅದರ ಮೇಲೆ ಬಣ್ಣದ ಪದರ, ನಾವು ಬರ್ನ್ ಮಾಡಿದಾಗ ಲೇಸರ್ ಗುರುತು ಹಾಕುವುದು ಇದರಲ್ಲೇ. ಅದರ ಮೇಲೆ ಬೆಳ್ಳಿಯದೋ ಚಿನ್ನದ್ದೋ ತೆಳ್ಳನೆಯ ಕನ್ನಡಿ ಪದರ. ಅದರ ಮೇಲೆ ಕೆಲವೇ ಮೈಕ್ರಾನ್ ದಪ್ಪದ ವಾರ್ನಿಷ್. ಅಷ್ಟೇ, ಮುಗಿಯಿತು. ಆ ವಾರ್ನಿಷ್ ಕೂದಲೆಳೆಗಿಂತ ತೆಳು. ಕೆಳಗಿನಿಂದ ಗೀರು ಬಿದ್ದರೆ ಡೇಟಾ ಇನ್ನೂ ಒಂದು ಮಿಲಿಮೀಟರ್‌ಗಿಂತ ಆಚೆ ಇರುತ್ತದೆ. ಲೇಸರ್ ಕಿರಣ ಪ್ಲಾಸ್ಟಿಕ್‌ನ ಮೇಲ್ಮೈ ದಾಟುವಾಗ ಅಗಲವಾಗಿದ್ದು ಡೇಟಾ ಇರುವಲ್ಲಿ ಮಾತ್ರ ಚೂಪಾಗುವುದರಿಂದ ಸಣ್ಣಪುಟ್ಟ ಗೀರು ಅದಕ್ಕೆ ಕಾಣುವುದೇ ಇಲ್ಲ. ಮೇಲಿನಿಂದ ಬಾಲ್‌ಪೆನ್ ಒತ್ತಿ ಬರೆದರೆ ನೇರ ಡೇಟಾ ಮೇಲೇ ಬರೆದ ಹಾಗೆ.

ಡಿವಿಡಿ ಬೇರೆ ಥರ. ಅದು 0.6 ಮಿ.ಮೀ.ನ ಎರಡು ತಟ್ಟೆಗಳನ್ನು ಅಂಟಿಸಿ ಮಾಡಿದ್ದು. ಡೇಟಾ ನಡುವೆ ಇರುತ್ತದೆ, ರೊಟ್ಟಿ ಮಧ್ಯದ ಪಲ್ಯದ ಹಾಗೆ ಎರಡೂ ಕಡೆ ರಕ್ಷಣೆ. ಬ್ಲೂ ರೇ ಇನ್ನೂ ಬೇರೆ. ಅಲ್ಲಿ ಡೇಟಾ ಕೆಳಗಿನ ಮೇಲ್ಮೈಯಿಂದ ಬರೀ 0.1 ಮಿ.ಮೀ. ಒಳಗಿದೆ, ಅದಕ್ಕೇ ಅದರ ಕೆಳಗಡೆ ಗೀರು ತಡೆಯುವ ಗಟ್ಟಿ ಲೇಪ ಕೊಟ್ಟಿರುತ್ತಾರೆ.

ಇಷ್ಟು ಯಾಕೆ ಹೇಳಿದೆ ಎಂದರೆ ಪೆನ್ ಅಪಾಯ ಸಿಡಿಗೆ ಜಾಸ್ತಿ, ಸ್ಟಿಕ್ಕರ್ ಅಪಾಯ ಎರಡಕ್ಕೂ ಇದೆ, ಆದರೆ ಡಿವಿಡಿಗೆ ಬೇರೆ ರೀತಿಯಲ್ಲಿ ಕಾಡುತ್ತದೆ. ಕಾಗದ ತೇವ ಹೀರುತ್ತದೆ, ಒಣಗಿದಾಗ ಕುಗ್ಗುತ್ತದೆ. ಆಗ ಡಿಸ್ಕನ್ನು ಒಂದು ಬದಿಗೆ ಎಳೆಯುತ್ತದೆ. ಕಣ್ಣಿಗೆ ಕಾಣದಷ್ಟು ಬಾಗಿದರೂ ಡಿವಿಡಿ ಓದುವ ಲೇಸರ್‌ಗೆ ಕಷ್ಟ, ಅದರ ಗುರುತುಗಳು ಸಿಡಿಗಿಂತ ತುಂಬಾ ಚಿಕ್ಕವು. ಜೊತೆಗೆ ಸ್ಟಿಕ್ಕರ್ ಒಂದು ಕೂದಲು ಆಚೀಚೆ ಅಂಟಿದರೂ ತೂಕ ಸರಿಯಾಗಿ ಹಂಚಿಕೆಯಾಗುವುದಿಲ್ಲ. 52 ಎಕ್ಸ್ ಡ್ರೈವ್, ಅಂದರೆ ಮಾಮೂಲಿಗಿಂತ 52 ಪಟ್ಟು ವೇಗದವರೆಗೆ ಓದುವಂಥದ್ದು, ಸಿಡಿಯನ್ನು ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗಿಸುತ್ತದೆ. ಆ ವೇಗದಲ್ಲಿ ಸ್ವಲ್ಪ ಅಸಮತೋಲನವೂ ನಡುಕವಾಗುತ್ತದೆ. ವರ್ಷ ಕಳೆದ ಅಂಟು ಬಿಟ್ಟು ಸ್ಟಿಕ್ಕರ್‌ನ ಅಂಚು ಡ್ರೈವ್ ಒಳಗೇ ಎದ್ದದ್ದನ್ನೂ ನೋಡಿದ್ದೇನೆ. ಆ ಹಾಳೆಗಳನ್ನು ಡಿಸ್ಕ್‌ಗೆ ಬಳಸಬೇಡಿ. ಕವರ್ ಮೇಲೆ ಅಂಟಿಸಿ, ಅಲ್ಲಿ ಎಷ್ಟು ಚಂದವಾಗಿ ಮುದ್ರಿಸಿದರೂ ತೊಂದರೆ ಇಲ್ಲ.

ಸ್ಟಿಕ್ಕರ್ ಇರುವ 11ನ್ನು ಹಾಗೇ ಬಿಟ್ಟು, ಮೊದಲು ಅವನ್ನೇ ಕಾಪಿ ಮಾಡಿ. ಇವತ್ತೇ ಶುರು ಮಾಡಿದರೆ ಒಳ್ಳೆಯದು.

---

ನೀಲಿಶಾಯಿ ಉತ್ತರ:

ಮೇಲಿನವರು ಹೇಳಿದ್ದಕ್ಕೆ ಪೆನ್ ವಿಷಯ ಸೇರಿಸುತ್ತೇನೆ, ಇದರಲ್ಲಿ ಭಯ ಜಾಸ್ತಿ, ಮಾಹಿತಿ ಕಡಿಮೆ.

ಮಾರ್ಕರ್ ಶಾಯಿಯಲ್ಲಿ ಏನಿದೆ ಎನ್ನುವುದೇ ಮುಖ್ಯ. ಕೆಲವು ಪೆನ್‌ಗಳಲ್ಲಿ ಕ್ಸೈಲೀನ್, ಟೊಲ್ವೀನ್ ಥರದ ಕಟುವಾದ ದ್ರಾವಕ ಇರುತ್ತದೆ, ಮೂಗಿಗೆ ಹಿಡಿದರೆ ಘಾಟು ಬರುತ್ತದಲ್ಲ, ಅಂಥವು. ಅವು ವಾರ್ನಿಷ್ ಪದರವನ್ನು ಕರಗಿಸಬಲ್ಲವು. ಅವನ್ನು ಡಿಸ್ಕ್ ಹತ್ತಿರ ತರಲೇಬೇಡಿ. ಎರಡನೆಯದು ಆಲ್ಕೋಹಾಲ್ ಇರುವ ಶಾಯಿ. ಇದು ಅಷ್ಟು ಕಟುವಲ್ಲ, ಆದರೂ ಬಹಳ ವರ್ಷ ಇಡಬೇಕಾದ ಸಿಡಿಗೆ ಯಾಕೆ ಬೇಕು? ಮೂರನೆಯದು ನೀರಿನ ಶಾಯಿಯ ಪರ್ಮನೆಂಟ್ ಮಾರ್ಕರ್. ಡಿಸ್ಕ್‌ಗೆಂದೇ ಮಾರುವ ಪೆನ್ ಬರುತ್ತದೆ, ಪ್ಯಾಕೆಟ್ ಮೇಲೆ ನೀರಿನ ಶಾಯಿ ಎಂದು ಬರೆದಿದೆಯಾ ನೋಡಿಯೇ ಕೊಳ್ಳಿ. ಸುಮ್ನೆ ಸಿಡಿ ಪೆನ್ ಎಂಬ ಹೆಸರು ಇದ್ದ ಮಾತ್ರಕ್ಕೆ ಅದು ನೀರಿನ ಶಾಯಿಯೇ ಆಗಿರಬೇಕೆಂದಿಲ್ಲ. ತುದಿ ಮೆತ್ತಗಿರಲಿ, ಫೆಲ್ಟ್ ತುದಿ. ಬಾಲ್‌ಪೆನ್, ಪೆನ್ಸಿಲ್, ಚೂಪು ಜೆಲ್ ಪೆನ್ ಯಾವುದೂ ಬೇಡ.

ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಸ್ಟ್ಯಾಂಡರ್ಡ್ಸ್ ಅಂಡ್ ಟೆಕ್ನಾಲಜಿಯವರು 2003ರಲ್ಲೇ ಗ್ರಂಥಾಲಯಗಳಿಗೂ ದಾಖಲೆ ಸಂಗ್ರಹಾಲಯಗಳಿಗೂ ಇದೇ ಸಲಹೆ ಕೊಟ್ಟಿದ್ದರು: ನೀರಿನ ಶಾಯಿ, ಮೆತ್ತನೆಯ ತುದಿ, ಸ್ಟಿಕ್ಕರ್ ಬೇಡ. ಅದಕ್ಕಿಂತ ಒಳ್ಳೆಯ ಇನ್ನೊಂದು ಮಾತೂ ಅದರಲ್ಲಿತ್ತು, ನಾನು ಅದನ್ನೇ ಪಾಲಿಸುತ್ತೇನೆ. ಡಿಸ್ಕ್‌ನ ನಡುವಿನ ತೂತಿನ ಸುತ್ತ ಪಾರದರ್ಶಕವಾದ ಪ್ಲಾಸ್ಟಿಕ್ ಉಂಗುರ ಇರುತ್ತದೆ, ನೋಡಿ. ಅಲ್ಲಿ ಬಣ್ಣದ ಪದರ ಇಲ್ಲ, ಕನ್ನಡಿ ಇಲ್ಲ, ಡೇಟಾ ಇಲ್ಲ. ಅಲ್ಲಿ ಬರೆದರೆ ಕೆಡಲು ಏನೂ ಇಲ್ಲ. ಜಾಗ ಕಡಿಮೆ, ಒಂದು ನಂಬರ್ ಹಿಡಿಸುತ್ತದೆ, ಅಷ್ಟು ಸಾಕು. ಬರೆಯುವುದು ಮೇಲಿನ ಬದಿಯಲ್ಲಿ. ಒಣಗಲು ಸಮಯ ಕೊಟ್ಟ ಮೇಲೆಯೇ ಕವರ್‌ಗೆ ಹಾಕಿ.

---

ಹಳೇರೈಟರ್ ಉತ್ತರ:

ಒಂದು ಮಾತು ಹೇಳಲೇಬೇಕು. ನಾನು 2004ರಿಂದ ಮಾಮೂಲಿ ಪರ್ಮನೆಂಟ್ ಮಾರ್ಕರ್‌ನಲ್ಲೇ ಬರೆಯುತ್ತಿದ್ದೇನೆ, ನೂರಾರು ಡಿಸ್ಕ್, ಪೆನ್‌ನಿಂದ ಕೆಟ್ಟದ್ದು ಒಂದೂ ನೆನಪಿಲ್ಲ. ಕೆಟ್ಟವು ಎಲ್ಲ ಕಿಟಕಿ ಪಕ್ಕದ ಶೆಲ್ಫ್‌ನಲ್ಲಿ ಬಿಸಿಲಿಗೆ ಇದ್ದವು. ಹಾಗಾಗಿ ಆಗಲೇ ಮಾರ್ಕರ್‌ನಲ್ಲಿ ಬರೆದವರು ಗಾಬರಿ ಬೀಳಬೇಡಿ, ಅಳಿಸಲು ಸ್ಪಿರಿಟ್ ಹಾಕಿ ಉಜ್ಜುವುದಂತೂ ಬೇಡವೇ ಬೇಡ. ಬಿಸಿಲು, ಸೆಕೆ, ತೇವ ಇವೇ ದೊಡ್ಡ ಶತ್ರುಗಳು.

---

ನೀಲಿಶಾಯಿ ಉತ್ತರ:

ನಿಮ್ಮ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಮುದ್ರಿಸಲೆಂದು ಬಿಳಿ ಲೇಪ ಕೊಟ್ಟ ಡಿಸ್ಕ್ ಆಗಿದ್ದರೆ, ಇಲ್ಲವೇ ಡಿವಿಡಿ ಆಗಿದ್ದರೆ, ಶಾಯಿಗೂ ಡೇಟಾಗೂ ನಡುವೆ ಸಾಕಷ್ಟು ಅಂತರ ಇರುತ್ತದೆ. ಬರೀ ವಾರ್ನಿಷ್ ಇರುವ ಹೊಳೆಯುವ ಸಿಡಿಯಲ್ಲಿ ಆ ಅಂತರ ಇಲ್ಲ. ಅಜ್ಜಿಯ ಹಾಡು ಇನ್ನೆಲ್ಲೂ ಇಲ್ಲ ಎಂದು ಹೇಳಿದ್ದಾರಲ್ಲ, ಒಂದೇ ಪ್ರತಿ ಇರುವಾಗ ಸಣ್ಣ ಅಪಾಯವೂ ಬೇಡ ಎನ್ನುವುದಷ್ಟೇ ನನ್ನ ಮಾತು. ಬಿಸಿಲಿನ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ.

---

ಪಟ್ಟಿಪುಸ್ತಕ ಉತ್ತರ:

ನನಗೆ ಅನಿಸುವುದು, ಡಿಸ್ಕ್ ಮೇಲೆ ಎಷ್ಟು ಕಡಿಮೆ ಬರೆಯುತ್ತೇವೋ ಅಷ್ಟು ಒಳ್ಳೆಯದು. ವಿವರ ಎಲ್ಲ ಹೊರಗಿರಲಿ. ನಾನು ಉಂಗುರದಲ್ಲಿ 001, 002 ಎಂದು ನಂಬರ್ ಮಾತ್ರ ಹಾಕುತ್ತೇನೆ. ಅದೇ ನಂಬರ್ ಕವರ್ ಬೆನ್ನ ಮೇಲೆ, ಅದೇ ನಂಬರ್ ನೋಟ್‌ಬುಕ್ಕಿನಲ್ಲಿ, ಕಂಪ್ಯೂಟರ್ ಪಟ್ಟಿಯಲ್ಲೂ. ಪಟ್ಟಿಯಲ್ಲಿ ಒಳಗೇನಿದೆ, ಯಾರ ದನಿ, ಯಾವ ವರ್ಷ ಬರ್ನ್ ಮಾಡಿದ್ದು, ಯಾವ ಡ್ರೈವ್‌ನಲ್ಲಿ, ಕೊನೆಗೆ ಯಾವಾಗ ಓದಿ ಪರೀಕ್ಷಿಸಿದ್ದು, ಇಷ್ಟು. ಡಿಸ್ಕ್‌ನಲ್ಲಿರುವ ಪ್ರತಿ ಫೈಲ್‌ಗೂ ಎಸ್‌ಎಚ್‌ಎ 256 ಚೆಕ್‌ಸಮ್ (ಫೈಲ್‌ನಲ್ಲಿರುವುದರಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಗುರುತು) ತೆಗೆದು ಒಂದು ಪಠ್ಯ ಫೈಲ್‌ನಲ್ಲಿ ಇಟ್ಟುಕೊಳ್ಳಿ. ಐದು ವರ್ಷ ಬಿಟ್ಟು ಡಿಸ್ಕ್ ಓದಿಸಿ ಮತ್ತೆ ಚೆಕ್‌ಸಮ್ ತೆಗೆದರೆ ಒಂದೇ ಒಂದು ಬಿಟ್ ಬದಲಾಗಿದ್ದರೂ ಗೊತ್ತಾಗುತ್ತದೆ. ಕಣ್ಣಲ್ಲಿ ನೋಡಿ, ಕಿವಿಯಲ್ಲಿ ಕೇಳಿ ಸರಿ ಇದೆ ಎಂದುಕೊಳ್ಳುವುದು ಸಾಲದು.

ಅದರಲ್ಲೂ ನಿಮ್ಮ ಹಾಡಿನ ಸಿಡಿಗಳ ಬಗ್ಗೆ ಒಂದು ಎಚ್ಚರಿಕೆ. ಅವು ಫೈಲ್ ಇರುವ ಡೇಟಾ ಸಿಡಿಗಳಾ, ಅಥವಾ ಸಿಡಿ ಪ್ಲೇಯರ್‌ನಲ್ಲಿ ನೇರ ನುಡಿಯುವ ಆಡಿಯೋ ಸಿಡಿಗಳಾ, ಮೊದಲು ನೋಡಿ. ಡೇಟಾ ಸಿಡಿಯಲ್ಲಿ ತಪ್ಪು ತಿದ್ದಲು ಒಂದು ಹಂತ ಜಾಸ್ತಿ ಇರುತ್ತದೆ. ಆಡಿಯೋ ಸಿಡಿಯಲ್ಲಿ ಅದು ಇಲ್ಲ. ತಿದ್ದಲಾಗದ ತಪ್ಪು ಬಂದರೆ ಪ್ಲೇಯರ್ ಅಕ್ಕಪಕ್ಕದ ದನಿ ನೋಡಿ ಅಂದಾಜಿನಲ್ಲಿ ತುಂಬಿಕೊಂಡು ಮುಂದೆ ಹೋಗುತ್ತದೆ. ಕೇಳುವವರಿಗೆ ಏನೂ ಗೊತ್ತಾಗುವುದಿಲ್ಲ. ಸಿಡಿ ಕೆಡುತ್ತಾ ಬಂದಿರುತ್ತದೆ, ಹಾಡು ಮಾತ್ರ ಚೆನ್ನಾಗಿಯೇ ಕೇಳುತ್ತಿರುತ್ತದೆ, ಒಂದು ದಿನ ಏಕ್‌ದಂ ನಿಂತುಹೋಗುತ್ತದೆ. ಆದ್ದರಿಂದ ಇವನ್ನು ಸುಮ್ನೆ ಎಳೆದು ಕಾಪಿ ಮಾಡಬೇಡಿ. ಎಕ್ಸಾಕ್ಟ್ ಆಡಿಯೋ ಕಾಪಿ ಅಥವಾ ಸಿಡಿಪ್ಯಾರನೋಯಾ ಥರದ ತಂತ್ರಾಂಶ ಬಳಸಿ, ಅವು ಅನುಮಾನ ಬಂದ ಜಾಗವನ್ನು ಮತ್ತೆ ಮತ್ತೆ ಓದಿ ಹೋಲಿಸಿ ನೋಡುತ್ತವೆ. ಎಂಪಿ3 ಮಾಡಬೇಡಿ, ಫ್ಲ್ಯಾಕ್ ಮಾಡಿ ಇಡಿ, ದನಿಯಲ್ಲಿ ಏನೂ ಕಳೆದುಹೋಗುವುದಿಲ್ಲ.

---

ತಿರುಗುತಟ್ಟೆ ಉತ್ತರ:

ಆಡಿಯೋ ಸಿಡಿ ವಿಷಯ ಒಳ್ಳೆಯದು ಹೇಳಿದಿರಿ, ನನಗೆ ಹೊಳೆದಿರಲಿಲ್ಲ.

ಇಡುವ ಬಗ್ಗೆಯೂ ಸ್ವಲ್ಪ ಬರೆಯುತ್ತೇನೆ. ಡಿಸ್ಕ್‌ಗಳನ್ನು ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ಮಲಗಿಸಿ ಒಂದರ ಮೇಲೊಂದು ಪೇರಿಸಿಟ್ಟರೆ ವರ್ಷಗಟ್ಟಲೆಯಲ್ಲಿ ಬಾಗುತ್ತವೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು, ಅದು ನಡುವಿನಲ್ಲಿ ಮಾತ್ರ ಹಿಡಿಯುತ್ತದೆ, ಎರಡೂ ಮೈ ಯಾವುದಕ್ಕೂ ತಾಗುವುದಿಲ್ಲ. ಜಿಪ್ ಇರುವ ಆಲ್ಬಂ ಪ್ರಯಾಣಕ್ಕೆ ಸರಿ, ಬಹಳ ವರ್ಷ ಇಡಲು ಅಲ್ಲ. ಪಿವಿಸಿ ಪ್ಲಾಸ್ಟಿಕ್ ಹಾಳೆಯ ಕವರ್‌ನಲ್ಲಿ ಮೆದುವಾಗಲೆಂದು ಸೇರಿಸಿದ ರಾಸಾಯನಿಕ ನಿಧಾನವಾಗಿ ಹೊರಬಂದು ಡಿಸ್ಕ್‌ಗೆ ಅಂಟಿಕೊಳ್ಳುತ್ತದೆ. ಡಬ್ಬಿಯಿಂದ ತೆಗೆಯುವಾಗ ನಡುವಿನ ಹಲ್ಲನ್ನು ಒತ್ತಿ, ಡಿಸ್ಕ್ ಅಂಚು ಹಿಡಿದು ಎತ್ತಿ. ಅಂಚು ಬಗ್ಗಿಸಿ ಎಳೆದರೆ ಡಿವಿಡಿಯ ಎರಡು ತಟ್ಟೆಗಳ ಅಂಟೇ ಬಿಡಬಹುದು.

ಬೆಚ್ಚನೆಯ ಜಾಗ ಬೇಡ. ಬಹಳ ವರ್ಷ ಇಡಲು 4ರಿಂದ 20 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇಕಡಾ 20ರಿಂದ 50 ಎನ್ನುತ್ತಾರೆ. ಮನೆಯಲ್ಲಿ ಅದನ್ನು ಅಳೆದು ಕಾಪಾಡುವುದು ಕಷ್ಟ, ಆದ್ದರಿಂದ ಕತ್ತಲೆ ಇರುವ, ತಂಪಾದ, ಗೋಡೆಯ ತೇವ ತಾಗದ ಒಂದು ಬೀರು ಆರಿಸಿ. ಮಹಡಿಯ ಅಟ್ಟ ಬೇಡ, ನೆಲಮಾಳಿಗೆ ಬೇಡ. ದಿನಕ್ಕೊಂದು ಥರ ಸೆಕೆ, ಚಳಿ ಏರಿಳಿಯುವ ಜಾಗಕ್ಕಿಂತ ಒಂದೇ ಥರ ಇರುವ ಜಾಗ ವಾಸಿ. ಬೆಳ್ಳಿಯ ಕನ್ನಡಿ ಪದರಕ್ಕೆ ಗಂಧಕದ ಅಂಶ ಆಗುವುದಿಲ್ಲ, ಬೆಳ್ಳಿ ಪಾತ್ರೆ ಕಪ್ಪಾಗುವುದು ಇದರಿಂದಲೇ. ಹಾಗಾಗಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಬೇಡಿ.

ಧೂಳು ಒರೆಸುವುದಾದರೆ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ಸುತ್ತ ಬೇಡ. ಡೇಟಾ ಸುರುಳಿಯಾಗಿ ಇದೆ. ಅಡ್ಡ ಗೀರಾದರೆ ಪ್ರತಿ ಸುತ್ತಿನಲ್ಲೂ ಸ್ವಲ್ಪವೇ ಕಾಣೆಯಾಗುತ್ತದೆ, ಅದನ್ನು ಡ್ರೈವ್ ತಿದ್ದಿಕೊಳ್ಳುತ್ತದೆ. ಸುರುಳಿ ಹಾದಿಯಲ್ಲೇ ಗೀರು ಬಿದ್ದರೆ ಒಂದೇ ಕಡೆ ಉದ್ದಕ್ಕೆ ಕಾಣೆಯಾಗಿ ತಿದ್ದಲು ಆಗುವುದಿಲ್ಲ.

---

ಹಾಡಿನಪೆಟ್ಟಿಗೆ ಉತ್ತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಆಯಿತು, ನಡೆದದ್ದನ್ನು ಹೇಳುತ್ತೇನೆ.

ಅಜ್ಜಿಯ ಹಾಡಿನವು ಆಡಿಯೋ ಸಿಡಿಗಳೇ. ಅವನ್ನೇ ಮೊದಲು ತೆಗೆದುಕೊಂಡೆ. ಎಲ್ಲವೂ ಓದಿಸಿಕೊಂಡವು. ಮೂರರಲ್ಲಿ ಕೊನೆಯ ಹಾಡುಗಳ ಹತ್ತಿರ ತುಂಬಾ ಹೊತ್ತು ಹಿಡಿಯಿತು, ಒಂದೊಂದು ಹಾಡಿಗೆ ಅರ್ಧ ಗಂಟೆ. ಪ್ಲೇಯರ್‌ನಲ್ಲಿ ಕೇಳಿದಾಗ ಅವೇ ಮೂರು ಏನೂ ಆಗದ ಹಾಗೆ ನುಡಿಯುತ್ತಿದ್ದವು. ಅದನ್ನು ನೋಡಿ ನಿಜವಾಗಿ ಕೈ ನಡುಗಿತು. ಇನ್ನೂ ಕೆಲವು ವರ್ಷ ಬಿಟ್ಟಿದ್ದರೆ ಏನಾಗುತ್ತಿತ್ತೋ.

ಸ್ಟಿಕ್ಕರ್ ಇದ್ದ 11ರಲ್ಲಿ 9 ಪೂರ್ತಿ ಬಂದವು. ಉಳಿದ ಎರಡೂ ಡಿವಿಡಿಗಳು. ಎರಡೂ ಶುರುವಿನಲ್ಲಿ ಚೆನ್ನಾಗಿ ಓದಿ, ಕೊನೆಯ ಭಾಗಕ್ಕೆ ಬಂದಾಗ ನಿಂತುಬಿಟ್ಟವು. ಒಂದರಲ್ಲಿ ಅಪ್ಪ ಅಮ್ಮನ ಮದುವೆಯ ವಿಡಿಯೋ ಇದೆ. ಇದಕ್ಕೇನಾದರೂ ದಾರಿ ಇದೆಯಾ? ಹೊಸದಾಗಿ ಬರ್ನ್ ಮಾಡುವಾಗ ಯಾವ ಡಿಸ್ಕ್ ತೆಗೆದುಕೊಳ್ಳಲಿ ಎಂದೂ ಹೇಳಿ.

---

ಪಟ್ಟಿಪುಸ್ತಕ ಉತ್ತರ:

ಹಾಡುಗಳು ಉಳಿದದ್ದು ಕೇಳಿ ಸಮಾಧಾನವಾಯಿತು.

ಕೊನೆಯಲ್ಲೇ ನಿಂತದ್ದಕ್ಕೆ ಕಾರಣ ಇದೆ. ಡಿಸ್ಕ್ ಬರೆಯುವುದು ನಡುವಿನಿಂದ ಅಂಚಿನ ಕಡೆಗೆ. ಸ್ಟಿಕ್ಕರ್ ಎಳೆತದಿಂದ ಬಾಗಿದಾಗ ಅಂಚೇ ಜಾಸ್ತಿ ಎದ್ದಿರುತ್ತದೆ. ಕೈ ತಾಗುವುದೂ ಅಂಚಿಗೇ. ಅದಕ್ಕೇ ಹೊಸದಾಗಿ ಬರ್ನ್ ಮಾಡುವಾಗ ಅಂಚಿನವರೆಗೂ ತುಂಬಬೇಡಿ. 4.7 ಜಿಬಿಯ ಡಿಸ್ಕ್‌ನಲ್ಲಿ 4 ಜಿಬಿ ಹಾಕಿ ನಿಲ್ಲಿಸಿ. ತೀರಾ ಜೋರು ವೇಗದಲ್ಲಿ ಬರೆಯಬೇಡಿ, ಡಿಸ್ಕ್ ಮೇಲೆ ಬರೆದ ಗರಿಷ್ಠ ವೇಗದ ಅರ್ಧ ಇರಲಿ, ಮುಗಿದ ಮೇಲೆ ವೆರಿಫೈ ಮಾಡಿ (ಬರೆದದ್ದು ಸರಿ ಇದೆಯಾ ಎಂದು ಓದಿಸಿ ನೋಡುವುದು), ಫೈನಲೈಸ್ ಮಾಡಲು (ಬೇರೆ ಡ್ರೈವ್‌ಗಳೂ ಓದುವಂತೆ ಡಿಸ್ಕನ್ನು ಮುಚ್ಚುವುದು) ಮರೆಯಬೇಡಿ. ಅಳಿಸಿ ಬರೆಯುವ ಆರ್‌ಡಬ್ಲ್ಯೂ ಡಿಸ್ಕ್ ಈ ಕೆಲಸಕ್ಕೆ ಬೇಡ.

ಡಿಸ್ಕ್ ಆಯ್ಕೆಗೆ ಬಂದರೆ, ಬಣ್ಣದ ಪದರ ಇಲ್ಲದವು ಸಿಕ್ಕರೆ ಒಳ್ಳೆಯದು, ಬೆಳಕಿಗೆ ಕೆಡುವುದು ಆ ಬಣ್ಣವೇ. ಎಂ ಡಿಸ್ಕ್ ಅಂಥದ್ದು, ತಯಾರಕರು 1000 ವರ್ಷ ಎನ್ನುತ್ತಾರೆ, ಅಷ್ಟು ನಂಬದಿದ್ದರೂ ಪದರ ಗಟ್ಟಿ ಎನ್ನುವುದು ನಿಜ. ಆದರೆ ಎಂ ಡಿಸ್ಕ್ ಡಿವಿಡಿ ಬರೆಯಲು ಅದಕ್ಕೆ ಹೊಂದುವ ಡ್ರೈವ್ ಬೇಕು, ಓದಲು ಮಾಮೂಲಿ ಡ್ರೈವ್ ಸಾಕು. ಬ್ಲೂ ರೇ ತೆಗೆದುಕೊಂಡರೆ ಎಲ್‌ಟಿಎಚ್ ಎಂದು ಬರೆದದ್ದನ್ನು ಬಿಡಿ, ಅದರಲ್ಲಿ ಇರುವುದು ಅದೇ ಬಣ್ಣದ ಪದರ. ಡ್ರೈವ್ ಕೂಡ ಒಂದು ಹೆಚ್ಚುವರಿ ತೆಗೆದಿಡಿ. ಬರ್ನ್ ಮಾಡುವ ಬ್ಲೂ ರೇ ಡಿಸ್ಕ್ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಗೆ ನಿಲ್ಲಿಸಿತು, ಮುಂದೆ ಇವೆಲ್ಲ ಸಿಗುವುದು ಕಷ್ಟವಾಗುತ್ತಾ ಹೋಗುತ್ತದೆ. ಡಿಸ್ಕ್ ಒಂದನ್ನೇ ನಂಬಬೇಡಿ, ಹಾರ್ಡ್ ಡಿಸ್ಕ್‌ನಲ್ಲಿ ಒಂದು ಪ್ರತಿ, ಇನ್ನೊಂದು ಪ್ರತಿ ಬೇರೆ ಊರಿನ ನೆಂಟರ ಮನೆಯಲ್ಲಿ.

ಈಗ ಮದುವೆ ಡಿವಿಡಿ. ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ. ಅದು ಮೊದಲು ಸುಲಭವಾಗಿ ಓದಿಸಿಕೊಳ್ಳುವ ಜಾಗಗಳನ್ನೆಲ್ಲ ತೆಗೆದಿಟ್ಟು, ಕಷ್ಟದ ಜಾಗಕ್ಕೆ ಆಮೇಲೆ ಕೈ ಹಾಕುತ್ತದೆ. ಏನು ಓದಿತು, ಏನು ಬಾಕಿ ಎಂದು ಮ್ಯಾಪ್ ಫೈಲ್‌ನಲ್ಲಿ ಬರೆದುಕೊಳ್ಳುತ್ತದೆ. ಒಂದು ಡ್ರೈವ್‌ನಲ್ಲಿ ಆದಷ್ಟು ಓದಿಸಿ, ಆಮೇಲೆ ಡಿಸ್ಕನ್ನು ಬೇರೆ ಕಂಪನಿಯ ಡ್ರೈವ್‌ಗೆ ಹಾಕಿ ಅದೇ ಇಮೇಜ್ (ಡಿಸ್ಕ್‌ನಿಂದ ಓದಿದ್ದೆಲ್ಲ ಸೇರುವ ಫೈಲ್), ಅದೇ ಮ್ಯಾಪ್ ಫೈಲ್ ಕೊಟ್ಟು ಮುಂದುವರಿಸಿ. ಒಂದು ಡ್ರೈವ್‌ಗೆ ಆಗದ್ದು ಇನ್ನೊಂದಕ್ಕೆ ಆಗುವುದುಂಟು. ಲ್ಯಾಪ್‌ಟಾಪ್‌ನ ತೆಳು ಡ್ರೈವ್, ಹಳೆಯ ಡೆಸ್ಕ್‌ಟಾಪ್ ಡ್ರೈವ್ ಎರಡರಲ್ಲೂ ನೋಡಿ. ನಡುವೆ ಡ್ರೈವ್ ಬಿಸಿಯಾಗಿದ್ದರೆ ತಣ್ಣಗಾಗಲು ಬಿಡಿ.

---

ಹಾಡಿನಪೆಟ್ಟಿಗೆ ಉತ್ತರ:

ಲ್ಯಾಪ್‌ಟಾಪ್ ಡ್ರೈವ್‌ನಲ್ಲಿ ಮದುವೆ ವಿಡಿಯೋ ಪೂರ್ತಿ ಬಂತು! ಅಮ್ಮ ಎರಡು ಸಲ ಕೂತು ನೋಡಿದರು. ಇನ್ನೊಂದು ಡಿವಿಡಿಯಲ್ಲಿ ಕೊನೆಯ ನಾಲ್ಕು ನಿಮಿಷ ಇನ್ನೂ ಬಾಕಿ. ಮೂರನೇ ಡ್ರೈವ್ ಒಂದನ್ನು ಗೆಳೆಯರಿಂದ ಕೇಳಿದ್ದೇನೆ, ಬರಲು ಒಂದು ತಿಂಗಳಾಗಬಹುದು. ಅಲ್ಲಿಯವರೆಗೆ ಆ ಡಿಸ್ಕನ್ನು ಏನು ಮಾಡಲಿ?

---

ತಿರುಗುತಟ್ಟೆ ಉತ್ತರ:

ಸ್ಟಿಕ್ಕರ್ ಹಾಗೇ ಇರಲಿ. ಗಟ್ಟಿ ಡಬ್ಬಿಯಲ್ಲಿ ಹಾಕಿ, ಕತ್ತಲೆಯಲ್ಲಿ ನಿಲ್ಲಿಸಿಡಿ, ಭಾರ ಹೇರಿ ನೆಟ್ಟಗೆ ಮಾಡಲು ಹೋಗಬೇಡಿ. ಮತ್ತೆ ಮತ್ತೆ ಡ್ರೈವ್‌ಗೆ ಹಾಕಿ ಪರೀಕ್ಷೆ ಮಾಡುವುದೂ ಬೇಡ. ಇಮೇಜ್ ಮತ್ತು ಮ್ಯಾಪ್ ಫೈಲ್ ಎರಡನ್ನೂ ಬೇರೆ ಕಡೆ ಕಾಪಿ ಮಾಡಿಡಿ. ಮೂರನೇ ಡ್ರೈವ್ ಬಂದ ದಿನ ಅಲ್ಲಿಂದಲೇ ಮುಂದುವರಿಸಿ, ಆ ನಾಲ್ಕು ನಿಮಿಷವನ್ನಷ್ಟೇ ಓದಿಸಿದರೆ ಸಾಕು.